ಬಿಸಿಲಿಗೆ ಮುಖ ಮಾಡಿ ನಡೆದವನು

ಶನಿವಾರ ಕೋರ್ಟು ಕೂರುವುದರೊಳಗೆ ಜೇಗೋ ಟ್ರೆವೆನಾ ಸಿಗಬೇಕು. ಸಿಗದಿದ್ದರೆ ಅವನ ಹೆಸರು ಕಾಡುಗಳ್ಳರ ಸಾಲಿಗೆ ಸೇರುತ್ತದೆ. ಆಮೇಲೆ ಸಿಕ್ಕರೂ ಒಂದೇ, ಸಿಗದಿದ್ದರೂ ಒಂದೇ. ಬೆನ್ನಿಗೆ ಚಾಟಿ, ಕಾಲಿಗೆ ಸರಪಳಿ, ಬಂಡೆ ಒಡೆದು ರಸ್ತೆ ಮಾಡುವ ಗ್ಯಾಂಗು. ಪ್ಯಾಟರ್ಸನ್ ನದಿಯ ದಂಡೆಯ ಪುಟ್ಟ ಕೋರ್ಟಿನ ಜಗಲಿಯಲ್ಲಿ ನಿಂತು ನ್ಯಾಯಾಧೀಶರು ಇಷ್ಟು ಹೇಳಿ, ಮೂಗಿಗೆ ನಸ್ಯ ಏರಿಸಿ ಒಳಗೆ ಹೋದರು. ಹೊರಗೆ ಉಳಿದವರು ಇಬ್ಬರು: ಕಾನ್‌ಸ್ಟೇಬಲ್ ಫೀಲಿಮ್ ಗ್ಯಾರಿಟಿ, ಮತ್ತು ಜೇಗೋನ ಹೆಂಡತಿ ಟ್ಯಾಮ್ಸಿನ್.

ಟ್ಯಾಮ್ಸಿನ್ ಅಂದು ಬೆಳಿಗ್ಗೆಯಷ್ಟೇ ಸಿಡ್ನಿಯಿಂದ ದೋಣಿಯಲ್ಲಿ ಬಂದಿಳಿದಿದ್ದಳು. ಒಂದು ತಾನು ಬಟ್ಟೆ ಕದ್ದ ತಪ್ಪಿಗೆ ಕಡಲಾಚೆಯ ತನ್ನೂರು ಕಾರ್ನ್‌ವಾಲ್‌ನಿಂದ ಅವಳನ್ನು ಹಡಗು ಹತ್ತಿಸಿ ಏಳು ವರ್ಷವಾಗಿತ್ತು. ಶಿಕ್ಷೆ ಮುಗಿದು ಈಗ ಯಾರ ಹಂಗೂ ಇಲ್ಲದವಳು. ಸಿಡ್ನಿಯ ರಾಕ್ಸ್ ಕೇರಿಯಲ್ಲಿ ಸೈನಿಕರ ಬಟ್ಟೆ ಒಗೆದು ಬದುಕುತ್ತಿದ್ದಳು. ಊರಲ್ಲೇ ಉಳಿದ ಗಂಡನಿಗೆ ಹಡಗಿನ ಖರ್ಚು ಹೊಂದಿಸುವ ತಾಕತ್ತಿರಲಿಲ್ಲ. ಕಾದು ಕಾದು ಸಾಕಾಗಿ ಅವನು ಒಂದು ದಿನ ಹಾಡಹಗಲೇ ಯಾರದೋ ಕುರಿಯನ್ನು ಹೆಗಲ ಮೇಲೆ ಹೇರಿಕೊಂಡು, ಪೊಲೀಸಿನವನ ಮೂಗಿನ ಕೆಳಗೇ ನಡೆದುಹೋದನಂತೆ. ಸರ್ಕಾರವೇ ತನ್ನನ್ನು ಹೆಂಡತಿಯ ಹತ್ತಿರ ಕಳಿಸಿಕೊಡಲಿ ಅಂತ. ಊರಿನ ಹೆಂಗಸೊಬ್ಬಳು ಕೈದಿ ಹೆಂಗಸರ ಹಡಗಿನಲ್ಲಿ ಬಂದಿಳಿದಾಗ ಈ ಸುದ್ದಿ ಹೇಳಿದಳು. ಕೇಳಿ ಟ್ಯಾಮ್ಸಿನ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಲ್ಲಿಂದ ಒಂದು ವರ್ಷ ಅವಳ ಬದುಕೇ ಹಡಗಾಯಿತು. ಗುಡ್ಡದ ಮೇಲೆ ಬಾವುಟ ಏರಿತೆಂದರೆ ಕೈಯಲ್ಲಿದ್ದ ಸಾಬೂನು ಬಿಟ್ಟು ರೇವಿಗೆ ಓಡುವುದು. ಕಾರ್ಕ್‌ನಿಂದ ಐರಿಷರ ಹಡಗು ಬಂತು, ಅದರಲ್ಲಿಲ್ಲ. ಬಿರುಗಾಳಿಗೆ ಸಿಕ್ಕು ಹಾಯಿಕಂಬ ಮುರಿದುಕೊಂಡ ಹಡಗೊಂದು ಕುಂಟುತ್ತಾ ಬಂತು, ಅದರಲ್ಲಿಲ್ಲ. ಕಾಯಿಲೆಯ ಹಡಗೊಂದು ಹಳದಿ ಬಾವುಟ ಹಾಕಿಕೊಂಡು ಕೊಲ್ಲಿಯ ಬಾಯಲ್ಲೇ ವಾರಗಟ್ಟಲೆ ನಿಂತಿತು. ಅದರಿಂದ ಇಳಿದ ಅಸ್ಥಿಪಂಜರಗಳ ಮುಖವನ್ನು ಒಂದೊಂದಾಗಿ ನೋಡಿದಳು; ಅದರಲ್ಲೂ ಇಲ್ಲ. ಹಾಳು ಹಣೆಬರಹ, ಜೇಗೋನ ಹಡಗು ಬಂದಾಗ ಮಾತ್ರ ಅವಳೇ ಜ್ವರ ಬಂದು ಮಲಗಿದ್ದಳು. ಎದ್ದು ವಿಚಾರಿಸುವಷ್ಟರಲ್ಲಿ ಅವನನ್ನು ಉತ್ತರದ ಈ ಕಣಿವೆಗೆ, ಕ್ರಾಚ್ಲಿ ಎಂಬ ಜಮೀನ್ದಾರನ ಆಳಾಗಿ ಕಳಿಸಿಯಾಗಿತ್ತು.

ಸ್ವತಂತ್ರಳಾದ ಹೆಂಡತಿ ಕೈದಿ ಗಂಡನನ್ನು ತನಗೇ ಆಳಾಗಿ ಕೊಡಿ ಎಂದು ಅಲ್ಲಿ ಸರ್ಕಾರವನ್ನು ಕೇಳಬಹುದಿತ್ತು. ಕೇಳಿದಳು. ಮಂಜೂರೂ ಆಯಿತು. ಆ ಸುದ್ದಿ ಕ್ರಾಚ್ಲಿಯ ಜಮೀನು ಮುಟ್ಟುವ ಮುಂಚೆಯೇ ಈ ಪುಣ್ಯಾತ್ಮ ಹೆಂಡತಿಯನ್ನು ಹುಡುಕಿಕೊಂಡು ಓಡಿಹೋಗಿದ್ದ.

ಗ್ಯಾರಿಟಿ ಮುಚ್ಚುಮರೆಯ ಮನುಷ್ಯನಲ್ಲ. ಅವನೂ ಕೈದಿಯೇ. ಶಿಕ್ಷೆ ಇನ್ನೂ ಬಾಕಿಯಿತ್ತು. ಓಡಿಹೋದವನೊಬ್ಬನನ್ನು ಹಿಡಿದು ತಂದರೆ ತನಗೆ ಒಂದು ವರ್ಷ ಶಿಕ್ಷೆ ಕಡಿತವಾಗುತ್ತದೆ ಎಂದು ಅವಳಿಗೆ ನೇರವಾಗಿಯೇ ಹೇಳಿದ. ಹಿಡಿಸಿಕೊಂಡು ಬಂದರೆ ಜೇಗೋನ ಮಂಜೂರಾತಿ ರದ್ದು, ಅವನಾಗಿಯೇ ನಡೆದು ಬಂದರೆ ಬರೀ ಎಚ್ಚರಿಕೆ, ಇದೂ ಇಬ್ಬರಿಗೂ ಗೊತ್ತಿತ್ತು.

“ನೀನು ಬರೋದು ಬೇಡ ಅಕ್ಕಯ್ಯ. ಕಾಡು ಕೆಟ್ಟದ್ದು,” ಅಂದ.

“ನಿನ್ನ ದನಿ ಕೇಳಿದ್ರೆ ಅವನು ಬಿಲ ಹೊಕ್ತಾನೆ ಪೊಲೀಸಪ್ಪ. ನನ್ನ ದನಿಗಾದ್ರೆ ಹೊರಗೆ ಬರ್ತಾನೆ. ನಡಿ,” ಎಂದಳು ಟ್ಯಾಮ್ಸಿನ್.

ಜೇಗೋ ಸಿಡ್ನಿಗೆ ಹೊರಟದ್ದು ಇಡೀ ಜಮೀನಿಗೇ ಗೊತ್ತಿತ್ತು. ಸಿಡ್ನಿ ಎಲ್ಲಿ ಎಂದು ಕೇಳಿದ್ದನಂತೆ. ದಕ್ಷಿಣಕ್ಕೆ, ಗುಡ್ಡಗಳಾಚೆ ಎಂದು ಯಾರೋ ಹೇಳಿದ್ದರಂತೆ. ಹಾಗಾಗಿ ಗ್ಯಾರಿಟಿ ಅಲ್ಲಿಯವರೆಗೆ ದಕ್ಷಿಣದ ದಾರಿಗಳನ್ನೇ ಜಾಲಾಡಿ ಕುದುರೆಯ ಲಾಳ ಸವೆಸಿದ್ದ. ರಸ್ತೆ ಗ್ಯಾಂಗಿನವರು ನೋಡಿಲ್ಲ, ದೋಣಿಯವರು ನೋಡಿಲ್ಲ. ಒಂದು ಹೆಜ್ಜೆಯ ಗುರುತೂ ಇಲ್ಲ.

ಗಂಡ ಮಲಗುತ್ತಿದ್ದ ಗುಡಿಸಲನ್ನು ನೋಡಿ ಟ್ಯಾಮ್ಸಿನ್ ಕ್ರಾಚ್ಲಿಯ ಅಡುಗೆಮನೆಯ ಹಿಂದೆ ಬಂದಳು. ಹೊಸ ಹಡಗಿನಲ್ಲಿ ಬಂದ ಕೆಲಸದ ಹುಡುಗಿಯೊಬ್ಬಳು ಬಟ್ಟೆ ಒಣಹಾಕಿದ್ದಳು. ಮನೆಯ ನೆರಳಲ್ಲಿ, ದಕ್ಷಿಣದ ಗೋಡೆಗೆ. ಅಂಗಿಗಳು ಮಂಜು ಕುಡಿದು ತೊಟ್ಟಿಕ್ಕುತ್ತಿದ್ದವು. ಅಗಸಗಿತ್ತಿಯ ಬಾಯಿ ಸುಮ್ಮನಿರುತ್ತದೆಯೇ, ಟ್ಯಾಮ್ಸಿನ್ ಬೈಯಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ತಾನೂ ಬಂದ ಹೊಸದರಲ್ಲಿ ಹೀಗೇ ಮಾಡಿದ್ದಳು. ಊರಿನಲ್ಲಿ ಬಿಸಿಲಿನ ಕಡೆ ಅಂದರೆ ದಕ್ಷಿಣವೇ. ಹುಟ್ಟಿದಾಗಿನಿಂದ ಕಂಡದ್ದು ಅದೇ. ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾದು ಹೋಗುತ್ತಾನೆಂದು ಅರಿಯಲು ಅವಳಿಗೆ ಎಷ್ಟೋ ಬುಟ್ಟಿ ಒದ್ದೆ ಬಟ್ಟೆ ಬೇಕಾಗಿತ್ತು. ಹಿಂದೆಯೇ ಬಂದಿದ್ದ ಗ್ಯಾರಿಟಿಯ ಕಡೆ ತಿರುಗಿದಳು.

“ಪೊಲೀಸಪ್ಪ, ಈ ದೇಶದಲ್ಲಿ ಮಧ್ಯಾಹ್ನ ಸೂರ್ಯ ಎಲ್ಲಿರ್ತಾನೆ?”

“ಮೇಲೆ.”

“ನೆಟ್ಟಗೆ ಹೇಳು.”

“ಉತ್ತರಕ್ಕೆ. ಯಾಕೆ?”

“ನಿಮ್ಮೂರಲ್ಲಿ?”

ಗ್ಯಾರಿಟಿ ಹೊಗೆಸೊಪ್ಪು ಅಗಿಯುವುದನ್ನು ನಿಲ್ಲಿಸಿದ. ಮೆಲ್ಲಗೆ ತಿರುಗಿ ಉತ್ತರದ ಕಡೆ ನೋಡಿದ. ಅಲ್ಲಿ ಕಣಿವೆ ಇಕ್ಕಟ್ಟಾಗುತ್ತಾ ಹೋಗಿ, ಗುಡ್ಡದ ಮೇಲೆ ಗುಡ್ಡ ಏರಿ, ಕೊನೆಗೆ ಮೋಡದಲ್ಲಿ ಮುಳುಗಿದ ಕಪ್ಪು ಬೆಟ್ಟಸಾಲು ನಿಂತಿತ್ತು.

“ಅಯ್ಯೋ ಬಡ್ಡೀಮಗನೆ,” ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ತಾನೂ ಮೊದಲ ವರ್ಷ ಆಲೂಗಡ್ಡೆಯನ್ನು ನೆರಳಿಗೆ ಹಾಕಿ ಕೊಳೆಸಿದ್ದೆ ಎಂದು ಆಮೇಲೆ ಒಪ್ಪಿಕೊಂಡ.

ಬೆಟ್ಟಕ್ಕೆ ಹೋಗಲು ಮೂರನೆಯವನೊಬ್ಬ ಬೇಕಿತ್ತು. ಕಣಿವೆಯ ಮೂಲನಿವಾಸಿಗಳಾದ ಗ್ರಿಂಗಾಯ್ ಜನದ ಒಬ್ಬ ನಡುವಯಸ್ಸಿನವನನ್ನು ಗ್ಯಾರಿಟಿ ಕರೆತಂದ. ಟೋಬಿ ಎಂಬುದು ಬಿಳಿಯರು ಇಟ್ಟ ಹೆಸರು. ನಿಜವಾದ ಹೆಸರನ್ನು ಅವನು ಬಿಳಿಯರಿಗೆ ಹೇಳುತ್ತಿರಲಿಲ್ಲ. ಹಿಟ್ಟು, ಉಪ್ಪು ಹಾಕಿದ ಗೋಮಾಂಸ, ಚಹಾಪುಡಿ, ಒಂದು ಹಗ್ಗ, ಒಂದು ಜೊತೆ ಕೈಕೋಳ. ಇಷ್ಟನ್ನು ಹೊತ್ತು ಮೂವರೂ ಹೊರಟರು. ಕುದುರೆ ಹೋಗುವ ದಾರಿ ಮೊದಲ ದಿನವೇ ಮುಗಿಯಿತು.

ಅಲಿನ್ ಹೊಳೆ ದಾಟಿ ಅದರ ಗುಂಟ ನಡಿಗೆ. ಮೊದಮೊದಲು ಸರ್ವೆ ಮರಗಳ ಸಾಲು, ಗಾಳಿ ಬಂದರೆ ಯಾರೋ ನಿಟ್ಟುಸಿರಿಟ್ಟ ಸದ್ದು. ಆಮೇಲೆ ತೊಗಟೆ ಸುಲಿದು ನೇತಾಡುವ ನೀಲಗಿರಿ ಮರಗಳು, ಕಾಲಿಟ್ಟಲ್ಲೆಲ್ಲ ಆ ತೊಗಟೆಯ ಹಾಸು. ಏರುತ್ತಾ ಹೋದಂತೆ ಬಿಸಿಲು ತೆಳುವಾಯಿತು, ಮರಗಳು ದಪ್ಪವಾದವು, ಕಾಂಡಕ್ಕೆಲ್ಲ ಹಾವಸೆ ಹತ್ತಿತು. ಆಳೆತ್ತರದ ಜರಿಗಿಡಗಳ ಕೆಳಗೆ ಬಗ್ಗಿಕೊಂಡೇ ನಡೆಯಬೇಕು. ಜಿಗಣೆಗಳು ಬೂಟಿನ ಒಳಗೂ ಕುತ್ತಿಗೆಯ ಹಿಂದೂ ಹತ್ತಿಕೊಂಡು ಹೊಟ್ಟೆ ತುಂಬಾ ಕುಡಿದು ತಾವಾಗಿಯೇ ಉದುರುತ್ತಿದ್ದವು. ಜೂನ್ ತಿಂಗಳೆಂದರೆ ಊರಿನಂತೆ ಬೇಸಗೆ ಎಂದು ನಂಬಿ, ಇಲ್ಲಿನ ಚಳಿಗಾಲದಲ್ಲಿ ಬರೀ ಅಂಗಿಯಲ್ಲಿ ಹೊರಟುಹೋದವನನ್ನು ನೆನೆದು ಟ್ಯಾಮ್ಸಿನ್ ಶಾಲನ್ನು ಬಿಗಿಯಾಗಿ ಸುತ್ತಿಕೊಂಡಳು. ಕಾಲು ಸೋತಿತ್ತು, ಸೊಂಟ ಹಿಡಿದಿತ್ತು. ಜ್ವರದಿಂದ ಎದ್ದ ಮೈ ಇನ್ನೂ ಹದಕ್ಕೆ ಬಂದಿರಲಿಲ್ಲ. ಕೂತರೆ ಏಳಲಾರೆ ಎಂದು ಹೆದರಿ ಅವಳು ನಿಂತೇ ರೊಟ್ಟಿ ತಿಂದಳು.

ಒಂದು ದಿಬ್ಬದ ತುದಿಗೆ ಬಂದಾಗ ಟೋಬಿ ನಿಂತುಬಿಟ್ಟ. ಹಸಿ ಸೊಪ್ಪು ತಂದು ಬೆಂಕಿಗೆ ಹಾಕಿ ದಟ್ಟ ಹೊಗೆ ಎಬ್ಬಿಸಿ, ಪಕ್ಕದಲ್ಲಿ ಕಾಲು ಮಡಚಿ ಕೂತ. ಇಲ್ಲಿಂದ ಮುಂದಿನದು ಬೇರೆ ಜನರ ನೆಲ, ಅವರು ಬಂದು ಕರೆಯದೆ ತಾನು ಕಾಲಿಡುವುದಿಲ್ಲ ಎಂದ. ಗ್ಯಾರಿಟಿ ಗೋಗರೆದ, ರೇಗಿದ, ಹೊಗೆಸೊಪ್ಪು ಕೊಟ್ಟ. ಟೋಬಿ ಹೊಗೆಸೊಪ್ಪು ತೆಗೆದುಕೊಂಡ; ಏಳಲಿಲ್ಲ.

“ಶನಿವಾರ ಕಾಯಲ್ಲ ಕಣೋ,” ಅಂದ ಗ್ಯಾರಿಟಿ.

“ನಿಮ್ಮ ಮನೆಗೆ ಯಾರಾದ್ರೂ ಬಾಗಿಲು ತಟ್ಟದೆ ನುಗ್ಗಿದ್ರೆ ಸುಮ್ನಿರ್ತೀಯಾ? ನುಗ್ಗೋರೇ ನೀವು, ನಿಮಗೇನು ಗೊತ್ತು,” ಎಂದ ಟೋಬಿ. ಗ್ಯಾರಿಟಿ ಗಂಟು ಕೆಳಗಿಟ್ಟು ಕೂತ.

ಆ ದಿನವೆಲ್ಲ ಕಾದರು. ಮಂಜು ಬಂತು, ಹೋಯಿತು, ಮತ್ತೆ ಬಂತು. ಟ್ಯಾಮ್ಸಿನ್‌ಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಒಂದು ವರ್ಷ ಕಾದದ್ದಕ್ಕಿಂತ ಆ ಒಂದು ದಿನ ಕಾದದ್ದೇ ಅವಳಿಗೆ ಹೆಚ್ಚು ಸುಸ್ತು ತಂದಿತು. ಮರುದಿನ ಬೆಳಕು ಹರಿದಾಗ ಬೆಂಕಿಯಿಂದ ಸ್ವಲ್ಪ ದೂರದಲ್ಲಿ, ತೊಗಲು ಹೊದ್ದ ಇಬ್ಬರು ಮುದುಕರು ಬೆನ್ನು ಹಾಕಿ ಕೂತಿದ್ದರು. ಟೋಬಿಯೂ ಅವರ ಕಡೆ ನೋಡಲಿಲ್ಲ. ಬಹಳ ಹೊತ್ತಾದ ಮೇಲೆ ಒಂದು ಮಾತು, ಆಮೇಲೆ ಇನ್ನೊಂದು. ಕಡೆಗೆ ಮೂವರೂ ಗಟ್ಟಿಯಾಗಿ ನಗತೊಡಗಿದರು.

ಅವರು ಜೇಗೋನನ್ನು ನೋಡಿದ್ದರು. ಟೋಬಿ ಬಂದು ನಗು ತಡೆಯುತ್ತಾ ಹೇಳಿದ್ದಿಷ್ಟು: ಮೇಲೆ ಒಬ್ಬ ಹುಚ್ಚು ಬಿಳಿಯ ಇದ್ದಾನೆ. ಮಂಜು ಕವಿದ ದಿನ ಮಧ್ಯಾಹ್ನದವರೆಗೆ ಬಿದ್ದುಕೊಂಡಿದ್ದು, ಸೂರ್ಯ ಕಂಡ ಕೂಡಲೇ ಎದ್ದು ಅವನ ಕಡೆಗೆ ನಡೆಯುತ್ತಾನೆ. ಮಂಜಿಲ್ಲದ ದಿನ ಬೆಳಿಗ್ಗೆಯ ಸೂರ್ಯನನ್ನು ಎಡಕ್ಕಿಟ್ಟುಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತಾನೆ. ನೆತ್ತಿಗೆ ಬಿಸಿಲು ಬಂದ ಮೇಲೆ ತಿರುಗಿ ಮತ್ತೆ ಮುಂದಕ್ಕೆ. ಅವನ ಓಡಾಟಕ್ಕೆ ಕಾಡಿನಲ್ಲಿ ಒಂದು ಕಾಲುದಾರಿಯೇ ಬಿದ್ದಿದೆಯಂತೆ. ಪಾಪ ಎಂದು ಅವರು ಎರಡು ಸಲ ಗೆಡ್ಡೆ ಇಟ್ಟು ಬಂದಿದ್ದರಂತೆ. ಬಂದು ಕರೆದುಕೊಂಡು ಹೋಗಿ ಎಂದು ಒಪ್ಪಿಗೆಯನ್ನೂ ಕೊಟ್ಟರಂತೆ. ಈಗ ಎರಡು ದಿನದಿಂದ ಎದ್ದಿಲ್ಲವಂತೆ.

ಕೊನೆಯ ಮಾತು ಕೇಳಿದ್ದೇ ಟ್ಯಾಮ್ಸಿನ್ ಗಂಟು ಹೊತ್ತುಕೊಂಡಳು.

ಮುಂದಿನದು ನಡಿಗೆಯಲ್ಲ, ತೆವಳಾಟ. ಎದುರಿಗೆ ಕಪ್ಪು ಬಂಡೆಯ ಗೋಡೆ. ಅದರ ಬಿರುಕಿನಲ್ಲಿ ನೀರು ಇಳಿಯುತ್ತಿತ್ತು.

ಟೋಬಿ ಮೊದಲು ಏರಿ ಹಗ್ಗ ಇಳಿಬಿಟ್ಟ. ಗ್ಯಾರಿಟಿ ಏರಿದ. ಟ್ಯಾಮ್ಸಿನ್ ಲಂಗವನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿಕೊಂಡು ಹಗ್ಗ ಹಿಡಿದಳು.

ಅರ್ಧಕ್ಕೆ ಬಂದಾಗ ಕಾಲಡಿಯ ಪಾಚಿ ಕಿತ್ತುಬಂತು. ಮೈ ಗಿರ್ರನೆ ತಿರುಗಿ ಬಂಡೆಗೆ ಬಡಿಯಿತು. ಕೆಳಗೆ ಏನೂ ಕಾಣಲಿಲ್ಲ, ಬರೀ ಮಂಜು.

ಮೇಲಿಂದ ಗ್ಯಾರಿಟಿ ಏನೋ ಕೂಗಿದ. ಅವಳಿಗೆ ಕೇಳಿಸಲಿಲ್ಲ. ಏಳು ವರ್ಷ ಒದ್ದೆ ಕಂಬಳಿ ಹಿಂಡಿದ ಕೈಗಳು ಹಗ್ಗ ಬಿಡಲಿಲ್ಲ, ಅಷ್ಟೇ. ಗೇಣು ಗೇಣಾಗಿ ಅವಳನ್ನು ಎಳೆದುಕೊಂಡರು.

ಮೇಲೆ ಬೇರೆಯದೇ ಲೋಕ. ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಇಬ್ಬನಿ ಗಟ್ಟಿಯಾಗಿತ್ತು. ಬುಡಗಳು ಒಂದಕ್ಕೊಂದು ಹೆಣೆದುಕೊಂಡ ಹಳೆಯ ಮರಗಳು, ಹಕ್ಕಿಯ ಸದ್ದೂ ಇಲ್ಲದ ಕಾಡು. ಅದರ ನಡುವೆ, ಮುದುಕರು ಹೇಳಿದಂತೆಯೇ, ಒಬ್ಬನೇ ಮನುಷ್ಯ ತುಳಿದು ತುಳಿದು ಮಾಡಿದ ಸಣ್ಣ ಕಾಲುದಾರಿ. ಟ್ಯಾಮ್ಸಿನ್ ಅದರ ಮೇಲೆ ಹೆಜ್ಜೆ ಇಟ್ಟಳು. ಸಿಡ್ನಿಗೆ ಅಂತ ನಡೆದ ದಾರಿ ಅದು.

ಅವನು ಬೆಂಕಿಗೆ ಸುಟ್ಟು ಟೊಳ್ಳಾದ ದೊಡ್ಡ ಮರವೊಂದರ ಪೊಟರೆಯಲ್ಲಿದ್ದ. ಒಳಗಿನಿಂದ ಕೆಮ್ಮು ಕೇಳಿಸಿತು. ಇವರ ಹೆಜ್ಜೆಯ ಸದ್ದಿಗೆ ನಿಂತುಹೋಯಿತು. ಗ್ಯಾರಿಟಿ ಕೈಕೋಳಕ್ಕೆ ಕೈ ಹಾಕಿದ. ಟ್ಯಾಮ್ಸಿನ್ ಅವನನ್ನು ಪಕ್ಕಕ್ಕೆ ಸರಿಸಿದಳು. ಹೆಸರು ಹಿಡಿದು ಕರೆದಳು. ಮತ್ತೆ ಕರೆದಳು.

“ಹೋಗು,” ಎಂದಿತು ಒಳಗಿನ ದನಿ. “ನಿನ್ನೇನೂ ಹೀಗೇ ಬಂದಿದ್ದೆ. ನಾನು ಕಣ್ಣು ಬಿಟ್ರೆ ನೀನು ಇರಲ್ಲ.”

ಅವಳು ಊರಿನ ಬಾವಿಕಟ್ಟೆಯ ದನಿ ಎತ್ತಿದಳು.

“ಕುರಿ ಕದಿಯೋಕೂ ಬರಲಿಲ್ಲ ನಿಂಗೆ. ಓಡಿಹೋಗೋಕೂ ಬರಲಿಲ್ಲ. ನಾನು ಸಿಡ್ನೀಲಿ, ನೀನು ಮೋಡದಲ್ಲಿ. ಬೆಟ್ಟ ಹತ್ತಿ ನನ್ನ ಸೊಂಟ ಮುರೀತು. ಹೊರಗೆ ಬರ್ತೀಯೋ, ನಾನೇ ಬಂದು ಜುಟ್ಟು ಹಿಡಿದು ಎಳೀಲೋ?”

ಆಮೇಲೆ ಪೊಟರೆಯ ಬಾಯಲ್ಲಿ ಗಡ್ಡ ಬೆಳೆದ, ತುಟಿ ಒಡೆದ ಒಂದು ಮುಖ ಕಾಣಿಸಿತು. ಏಳು ವರ್ಷದ ಹಿಂದೆ ಬಿಟ್ಟು ಬಂದ ಮುಖವೇ, ಅರ್ಧದಷ್ಟಾಗಿತ್ತು.

“ಕನಸಿನವಳು ಬೈತಿರಲಿಲ್ಲ,” ಎಂದ ಜೇಗೋ. ಹೊರಗೆ ಬಂದು ಅವಳ ಕಾಲ ಬಳಿ ಕುಸಿದ.

ಚಹಾ ಕಾಸಿ ಕುಡಿಸಿದರು. ರೊಟ್ಟಿಯನ್ನು ಅದರಲ್ಲಿ ನೆನೆಸಿ ತಿನ್ನಿಸಿದರು. ಸೂರ್ಯ ಇಲ್ಲಿ ಉತ್ತರಕ್ಕಿರುತ್ತಾನೆ ಎಂದು ಗ್ಯಾರಿಟಿ ತಿಳಿಸಿ ಹೇಳಿದಾಗ ಜೇಗೋ ತಿರುಗಿ ತಾನು ತುಳಿದ ಕಾಲುದಾರಿಯನ್ನು ನೋಡಿದ. ತಾನು ಸಿಡ್ನಿಯ ಹತ್ತಿರಕ್ಕೆ ಬಂದಿದ್ದೇನೆಂದೇ ಅವನು ತಿಳಿದಿದ್ದ. ಅವನಿಗೆ ಕೈಕೋಳ ತೊಡಿಸುವಾಗ ಗ್ಯಾರಿಟಿ ಟ್ಯಾಮ್ಸಿನ್‌ಳ ಮುಖ ನೋಡಲಿಲ್ಲ. ಅವಳೂ ಏನೂ ಕೇಳಲಿಲ್ಲ. ಒಂದು ವರ್ಷದ ಬದುಕನ್ನು ಬಿಟ್ಟುಕೊಡು ಎಂದು ಯಾವ ಬಾಯಲ್ಲಿ ಕೇಳುವುದು? ಅವಳಿಗೆ ಸರಪಳಿಯ ಭಾರ ಗೊತ್ತಿತ್ತು.

ಇಳಿಯುವಾಗ ಮಳೆ ಹಿಡಿಯಿತು. ದಿಬ್ಬದ ಬಳಿ ಟೋಬಿ ಹಿಂದಕ್ಕೆ ತಿರುಗಿ ಕಾಣದ ಮುದುಕರಿಗೆ ಕೂಗಿ ಏನೋ ಹೇಳಿದ. ಉಳಿದ ಹಿಟ್ಟನ್ನೆಲ್ಲ ಅಲ್ಲೇ ಒಂದು ಕಲ್ಲಿನ ಕೆಳಗೆ ಇಡಿಸಿದ. ಯಾರೂ ಬೇಡ ಅನ್ನಲಿಲ್ಲ. ಜೇಗೋನನ್ನು ಸರದಿಯ ಮೇಲೆ ಹೆಗಲು ಕೊಟ್ಟು ನಡೆಸಿದರು. ಮಳೆ, ಕೆಸರು, ಜಿಗಣೆ, ಮತ್ತೆ ಮಳೆ. ಶುಕ್ರವಾರ ಸಂಜೆ ಅಲಿನ್ ಹೊಳೆಗೆ ಬಂದಾಗ ಅದು ಹೋಗುವಾಗ ದಾಟಿದ ಹೊಳೆಯಾಗಿರಲಿಲ್ಲ. ಕೆಂಪು ನೀರು ದಂಡೆ ಮುಟ್ಟಿ, ಬುಡಸಮೇತ ಕಿತ್ತ ಮರಗಳನ್ನು ಹೊತ್ತು ಓಡುತ್ತಿತ್ತು.

ರಾತ್ರಿ ನಿಂತರೆ ನೀರು ಇನ್ನೂ ಏರುತ್ತದೆ. ಶನಿವಾರ ಕೈತಪ್ಪುತ್ತದೆ. ಆಗಲೇ ದಾಟಬೇಕಿತ್ತು.

ಟೋಬಿ ಹಗ್ಗದ ತುದಿ ಹಿಡಿದು ಈಜಿ ಆಚೆ ದಡದ ಸರ್ವೆ ಮರಕ್ಕೆ ಬಿಗಿದ. ಗ್ಯಾರಿಟಿ ಜೇಗೋನ ಕೈಕೋಳ ಬಿಚ್ಚಿದ. ಕಟ್ಟಿದ ಕೈಯಲ್ಲಿ ಯಾರೂ ಹೊಳೆ ದಾಟಲಾರರು.

ಟ್ಯಾಮ್ಸಿನ್ ದಾಟಿದಳು. ಜೇಗೋ ನಡುನೀರಿನಲ್ಲಿದ್ದ. ಅವನ ಹಿಂದೆ ಗ್ಯಾರಿಟಿ.

ಕೊಂಬೆಯೊಂದು ಬಂದು ಗ್ಯಾರಿಟಿಯ ಎದೆಗೆ ಬಡಿಯಿತು. ಅವನ ಕೈ ಹಗ್ಗದಿಂದ ಜಾರಿತು. ಈಜು ಬಾರದ ಮನುಷ್ಯ. ಬಾಯಿಗೆ ನೀರು ಹೊಕ್ಕು ಸದ್ದೂ ಹೊರಡಲಿಲ್ಲ.

ಜೇಗೋ ಒಂದು ಕೈ ಹಗ್ಗಕ್ಕೆ ಹಾಕಿ, ಇನ್ನೊಂದರಲ್ಲಿ ಅವನ ಕೋಟಿನ ಕಾಲರು ಹಿಡಿದ. ಅಷ್ಟೇ ಅವನಿಂದಾದದ್ದು. ಎಳೆಯುವ ಶಕ್ತಿ ಇರಲಿಲ್ಲ, ಬಿಡುವ ಮನಸ್ಸಿರಲಿಲ್ಲ. ಬಿಡು ಎಂದು ಗ್ಯಾರಿಟಿಯೇ ತೊದಲಿದ. ಟೋಬಿ ಮತ್ತೆ ನೀರಿಗೆ ಹಾರಿ ಬಂದು ಇಬ್ಬರನ್ನೂ ದಡಕ್ಕೆ ನೂಕುವವರೆಗೆ ಜೇಗೋ ಹಲ್ಲು ಕಚ್ಚಿ ಹಾಗೇ ನಿಂತಿದ್ದ.

ದಡದ ಕೆಸರಿನಲ್ಲಿ ನಾಲ್ವರೂ ಬಿದ್ದುಕೊಂಡರು. ಎಷ್ಟೋ ಹೊತ್ತಿನ ಮೇಲೆ ಗ್ಯಾರಿಟಿ ಎದ್ದು ಕೂತು ನೀರು ಕಕ್ಕಿದ. ಕೈಕೋಳ ಅವನ ಸೊಂಟದಲ್ಲೇ ಇತ್ತು. ಜೇಗೋ ತಾನಾಗಿ ಎರಡೂ ಕೈ ಚಾಚಿದ.

“ಇಟ್ಕೋ ಅತ್ಲಾಗೆ ನಿನ್ನ ಕೈನ. ನಂಗೂ ಸಾಕಾಗಿದೆ,” ಎಂದ ಗ್ಯಾರಿಟಿ.

ಮರುದಿನ ಮಧ್ಯಾಹ್ನ, ಕೋರ್ಟು ಇನ್ನೇನು ಕೂರಬೇಕು ಎನ್ನುವಾಗ, ಅದರ ಮುಂದಿನ ಬಯಲಿಗೆ ಬಂದರು; ಗ್ಯಾರಿಟಿ ಬೇಕೆಂದೇ ಹಿಂದೆ ಉಳಿದ. ಟೋಬಿ ಬೇಲಿಯ ಹತ್ತಿರವೇ ಕೂತ. ಯಾರೂ ಹಿಡಿದುಕೊಳ್ಳುವಂತಿಲ್ಲ ಎಂದು ಟ್ಯಾಮ್ಸಿನ್‌ಗೂ ಗೊತ್ತಿತ್ತು. ಗಂಡನ ತೋಳು ಬಿಟ್ಟಳು. ಜೇಗೋ ನಡೆದ. ಒಂದು ಸಲ ಮೊಣಕಾಲೂರಿದ. ಜಗಲಿಯ ಮೇಲಿದ್ದವರೆಲ್ಲ ನೋಡುತ್ತಿದ್ದರು. ಅವಳು ತುಟಿ ಕಚ್ಚಿಕೊಂಡು ನಿಂತಲ್ಲೇ ನಿಂತಳು. ಅವನು ಎದ್ದ, ಮೆಟ್ಟಿಲು ಹತ್ತಿದ, ಒಳಗೆ ಹೋಗಿ ತನ್ನ ಹೆಸರು ತಾನೇ ಹೇಳಿದ.

ನ್ಯಾಯಾಧೀಶರು ಗ್ಯಾರಿಟಿಯನ್ನು ಕರೆಸಿ, ಇವನನ್ನು ಹಿಡಿದವರು ಯಾರು ಎಂದು ಕೇಳಿದರು.

“ಯಾರೂ ಹಿಡೀಲಿಲ್ಲ ಸ್ವಾಮಿ. ದಾರೀಲಿ ಸಿಕ್ಕ. ಅವನೂ ಈ ಕಡೇನೇ ಬರ್ತಿದ್ದ.”

ನ್ಯಾಯಾಧೀಶರು ಗ್ಯಾರಿಟಿಯ ಹರಿದ ಕೋಟನ್ನೂ ಜೇಗೋನ ಮಣಿಕಟ್ಟನ್ನೂ ನೋಡಿದರು. ಒಂದು ಚಿಟಿಕೆ ನಸ್ಯ ಏರಿಸಿದರು. ಎಚ್ಚರಿಕೆ ಕೊಟ್ಟು ಬಿಟ್ಟಿದ್ದೇನೆ, ಹೆಂಡತಿಗೆ ಆಳಾಗಿ ಒಪ್ಪಿಸಿ ಎಂದರು.

ಗುಮಾಸ್ತ ಧಣಿಯಾದವಳು ಪಾಲಿಸಬೇಕಾದ ನಿಯಮಗಳನ್ನು ಒಂದೇ ಉಸಿರಿನಲ್ಲಿ ಓದಿದ. ಆಳಿಗೆ ವಾರಕ್ಕೆ ಇಷ್ಟು ಹಿಟ್ಟು, ಇಷ್ಟು ಮಾಂಸ ಕೊಡತಕ್ಕದ್ದು. ವರ್ಷಕ್ಕೆ ಇಷ್ಟು ಅಂಗಿ, ಬೂಟು ಕೊಡತಕ್ಕದ್ದು. ಪ್ರತ್ಯೇಕವಾಗಿ ಮಲಗಲು ಒಂದು ಹುಲ್ಲಿನ ಹಾಸಿಗೆ, ಹೊದೆಯಲು ಒಂದು ಕಂಬಳಿ ಕೊಡತಕ್ಕದ್ದು. ಒಪ್ಪಿಗೆಯೇ?

ಟ್ಯಾಮ್ಸಿನ್ ಮೇಜನ್ನು ಹಿಡಿದುಕೊಂಡು ನಿಂತಿದ್ದಳು, ಬಿಟ್ಟರೆ ಬೀಳುತ್ತಿದ್ದಳು. ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳಿದಳು.

“ಕಂಬಳಿ ಒಂದೇ ಇರೋದು ಸ್ವಾಮಿ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗ್ಯಾರಿಟಿ ಕೆಮ್ಮಿದ. ಗುಮಾಸ್ತ ಬರೆಯುವುದೋ ಬಿಡುವುದೋ ತಿಳಿಯದೆ ನ್ಯಾಯಾಧೀಶರ ಮುಖ ನೋಡಿದ. ಅವರು ಕಿಟಕಿಯ ಹೊರಗೆ ನೋಡುತ್ತಾ, ಮುಂದಿನ ಕೇಸು ಕರೆಯಿರಿ ಎಂದರು.

ಜೇಗೋ ಮಾತ್ರ ನಗಲಿಲ್ಲ. ಮುಖ ಮುಚ್ಚಿಕೊಂಡು ಮಗುವಿನಂತೆ ಅಳತೊಡಗಿದ. ಟ್ಯಾಮ್ಸಿನ್ ಅವನ ತೋಳು ಹಿಡಿದು, ಇನ್ನು ಹಿಡಿಯಬಹುದೆಂದು ಖಾತ್ರಿ ಮಾಡಿಕೊಂಡು, ಹೊರಗೆ ಕರೆತಂದಳು. ದೋಣಿ ಹೊರಡಲು ಇನ್ನೂ ಹೊತ್ತಿತ್ತು. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಅವನು ಕೂತಲ್ಲೇ ಅವಳ ಹೆಗಲಿಗೆ ತಲೆ ಹಾಕಿ ನಿದ್ದೆ ಹೋದ. ಭುಜ ನೋಯುತ್ತಿತ್ತು, ಸರಿಸಬೇಕೆಂದು ಅವಳಿಗೆ ಅನ್ನಿಸಲಿಲ್ಲ.